ಪ್ಲಾನಪ್ಪನ ಸ್ಥಳಾಂತರ ಯೋಜನೆ

ಪೈಪು, ನಲ್ಲಿಗಳ ಆ ಸಗಟು ಕಂಪನಿಯಲ್ಲಿ ಅವನನ್ನು ಎಲ್ಲರೂ ಪ್ಲಾನಪ್ಪ ಅಂತಲೇ ಕರೆಯುತ್ತಿದ್ದರು. ಪ್ರಿಂಟರಿನ ಇಂಕು ಬದಲಿಸುವುದಕ್ಕೂ ಅವನು ಯೋಜನೆ ಹಾಕುತ್ತಿದ್ದ. ಇಂಕು ಮಾತ್ರ ಅಂಗಿಗೇ ಹತ್ತುತ್ತಿತ್ತು.

ಅಂಥವನ ತಲೆಯ ಮೇಲೆ ದೊಡ್ಡ ಕೆಲಸ ಬಂದು ಕೂತಿತ್ತು. ಆರ್ಡರು, ದಾಸ್ತಾನು, ಬಿಲ್ಲು ಎಲ್ಲವನ್ನೂ ನಡೆಸುತ್ತಿದ್ದ ಸಾಫ್ಟ್‌ವೇರನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಬೇಕಿತ್ತು. ಹಳೆಯದು ಮೆಟ್ಟಿಲಡಿಯ ಕೋಣೆಯಲ್ಲಿ ಟೇಬಲ್ ಫ್ಯಾನಿನ ಗಾಳಿ ಕುಡಿದುಕೊಂಡು ಏದುಸಿರು ಬಿಡುತ್ತಿತ್ತು. ಆಫ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಯಾರೂ ಅದರ ಗುಂಡಿ ಮುಟ್ಟುತ್ತಿರಲಿಲ್ಲ.

"ಒಂದೇ ಒಂದು ಆರ್ಡರ್ ಕಳೆದುಹೋದ್ರೂ ನಿನ್ನ ಕೆಲಸ ಖಾಯಂ ಆಗೋ ಮಾತು ಮರೆತುಬಿಡು" ಅಂದಿದ್ದರು ಮ್ಯಾನೇಜರು.

ಅಂದಿನಿಂದ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಟ್ಟೆಯ ಪಕ್ಕ ಮೊಬೈಲಿಟ್ಟುಕೊಂಡು ಯೋಜನೆ ತಿದ್ದುತ್ತಿದ್ದವನನ್ನು ಅಕ್ಕ ಸುಮ್ಮನೆ ಬಿಡಲಿಲ್ಲ.

"ನಾವು ಮನೆ ಬದಲಾಯಿಸಿದಾಗ ಒಂದು ದಿಂಬು ಎತ್ತಿಡ್ಲಿಲ್ಲ ನೀನು. ಈಗ ಇಡೀ ಕಂಪನಿನೇ ಎತ್ತಿಡ್ತೀಯೇನೋ?"

ಯೋಜನೆ ಇಷ್ಟೇ. ಗುರುವಾರ ಸಂಜೆ ಆಫೀಸು ಮುಚ್ಚಿದ ಮೇಲೆ ಹಳೆಯದರ ಪೂರ್ತಿ ನಕಲನ್ನು ಹೊಸ ಸರ್ವರಿಗೆ ಹಾಕುವುದು. ಶುಕ್ರವಾರ ನಿಜವಾದ ಕೆಲಸ ಹಳೆಯದರಲ್ಲೇ ನಡೆಸುತ್ತ, ಎಲ್ಲರೂ ಹೊಸದರಲ್ಲಿ ಸುಳ್ಳು ಆರ್ಡರು ಹಾಕಿ ಪರೀಕ್ಷಿಸುವುದು. ಆಮೇಲೆ ಅದನ್ನೆಲ್ಲ ಅಳಿಸಿ, ಭಾನುವಾರ ಹೊಸದಾಗಿ ನಕಲು ತೆಗೆದು ನಿಜವಾದ ಸ್ಥಳಾಂತರ.

ಶುಕ್ರವಾರ ಬೆಳಗ್ಗೆ ಗೋದಾಮಿನಲ್ಲಿ ಪೈಪಿನ ರಾಶಿಯ ಮುಂದೆ ನಿಂತು ಭಾಷಣವನ್ನೂ ಬಿಗಿದ: "ಪರೀಕ್ಷೆ ಅಂತ ಉಡಾಫೆ ಮಾಡ್ಬೇಡಿ. ನಿಜವಾದ ಕೆಲಸ ಅಂದ್ಕೊಂಡೇ ಮಾಡಿ." ಆರ್ಡರು ಸುಳ್ಳಾಗಿರಬೇಕು ಎಂದು ಹೇಳುವುದೊಂದು ಬಿಟ್ಟುಹೋಯಿತು. ಅಷ್ಟು ಗೊತ್ತಾಗುವುದಿಲ್ಲವೇ ಎಂದುಕೊಂಡಿದ್ದ.

ಸಂಜೆ ಅಳಿಸುವ ಮುಂಚೆ ಒಂದು ಥ್ಯಾಂಕ್ಸ್ ಹೇಳೋಣವೆಂದು ಗೋದಾಮಿಗೆ ಇಳಿದ.

"ಸಾಕು ಅಣ್ಣ, ನಿಲ್ಲಿಸಿ. ಹಾಕಿದ್ದೆಲ್ಲಾ ಈಗ ಅಳಿಸ್ತೀನಿ."

ಗೋದಾಮಿನ ಮೇಸ್ತ್ರಿ ಕನ್ನಡಕ ಹಣೆಗೇರಿಸಿದರು. "ಏನ್ನ ಅಳಿಸ್ತೀಯಾ?"

"ಅದೇ, ಸುಳ್ಳು ಆರ್ಡರುಗಳನ್ನ."

"ಸುಳ್ಳಾ? ಅಲ್ನೋಡು." ಗೇಟಿನಲ್ಲಿ ಪೈಪು ತುಂಬಿದ ಲಾರಿ ಹೊರಡುತ್ತಿತ್ತು. "ಬೆಳಗ್ಗೆಯಿಂದ ಹೋದ ಲಾರಿಗಳಿಗೆಲ್ಲಾ ಈ ಹೊಸದರಲ್ಲೇ ಬಿಲ್ಲು. ನಿಜವಾದ ಕೆಲಸ ಅಂತ ನೀನೇ ತಾನೇ ಅಪ್ಪಣೆ ಕೊಡಿಸಿದ್ದು? ಭಾರಿ ಸ್ಪೀಡಾಗಿದೆ ಕಣಪ್ಪಾ!"

ಥ್ಯಾಂಕ್ಸ್ ಹೇಳದೆ ನೇರವಾಗಿ ಅಳಿಸುವ ಗುಂಡಿ ಒತ್ತಿದ್ದರೆ ದಿನದ ವ್ಯಾಪಾರವೆಲ್ಲ ನೀರಲ್ಲಿ ಹೋಮ. ಅದು ತಪ್ಪಿತು ಸರಿ, ಆದರೆ ಲೆಕ್ಕದವರು ಹಳೆಯದರಲ್ಲೇ ಬರೆಯುತ್ತ ಕೂತಿದ್ದರೆ? ಅರ್ಧ ಕಂಪನಿ ಇಲ್ಲಿ, ಅರ್ಧ ಅಲ್ಲಿ. ಯಾವ ಆರ್ಡರು ಎಲ್ಲಿ ಮುಳುಗಿತೆಂದು ಯಾರು ಹುಡುಕಬೇಕು? ಪ್ಲಾನಪ್ಪ ಲೆಕ್ಕದ ವಿಭಾಗಕ್ಕೆ ಓಡಿದ.

"ಮೇಡಂ, ಇವತ್ತು ಹಳೇದ್ರಲ್ಲಿ ಏನಾದ್ರೂ ಹಾಕಿದ್ರಾ?"

ಲೆಕ್ಕದ ಮೇಡಂ ತಲೆ ಎತ್ತಲಿಲ್ಲ. "ಎಲ್ಲಿಂದ ಹಾಕ್ಲಿ? ಗೋದಾಮಿನೋರ ಬಿಲ್ಲು ಅದರಲ್ಲಿ ಒಂದೂ ಕಾಣ್ಲಿಲ್ಲ. ಹೊಸದರಲ್ಲಿ ಕಾಣಿಸ್ತು, ಎಲ್ಲರೂ ಅಲ್ಲೇ ಹಾಕಿದ್ವಿ. ಯಾಕೆ, ಬೆವರ್ತಿದೀಯಾ?"

ನಂಬಿಕೆ ಬರಲಿಲ್ಲ. ಮೆಟ್ಟಿಲಡಿಯ ಕೋಣೆಗೆ ಹೋಗಿ ಹಳೆಯದನ್ನು ತೆರೆದು ನೋಡಿದ. ಗುರುವಾರ ಸಂಜೆಯ ನಂತರ ಅದರಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಅಲ್ಲಿಯವರೆಗಿನದೆಲ್ಲ ಹೊಸದರಲ್ಲಿ ಇದ್ದೇ ಇತ್ತು. ಅಂದರೆ ಇವನು ಭಾನುವಾರಕ್ಕೆ ಮುಹೂರ್ತ ಇಟ್ಟುಕೊಂಡು ಕೂತಿದ್ದಾಗ, ಕಂಪನಿ ತನ್ನ ಪಾಡಿಗೆ ತಾನು ಗಂಟುಮೂಟೆ ಕಟ್ಟಿಕೊಂಡು ಹೋಗಿಯಾಗಿತ್ತು!

ಹಳೆಯದರಲ್ಲಿ ಯಾರೂ ಏನೂ ಬರೆಯದಂತೆ ಬೀಗ ಹಾಕಿ, ಹೊಸದರದ್ದೊಂದು ನಕಲು ತೆಗೆದಿಟ್ಟು, ಮ್ಯಾನೇಜರ ಮುಂದೆ ನಿಂತು ನಡೆದದ್ದನ್ನೆಲ್ಲ ಒದರಿದ.

ಅವರು ಕೇಳಿದ್ದು ಒಂದೇ ಮಾತು: "ಆರ್ಡರ್ ಒಂದಾದ್ರೂ ಕಳೆದುಹೋಯ್ತಾ?"

"ಇಲ್ಲ ಸರ್. ಗೋದಾಮು, ಲೆಕ್ಕ ಎರಡೂ ತಾಳೆ ನೋಡಿದೆ."

"ಮತ್ತೆ ಯಾಕೋ ಹರಳೆಣ್ಣೆ ಕುಡಿದ ಮುಖ? ಖಾಯಂ ಕಾಗದಕ್ಕೆ ಸೋಮವಾರ ಸಹಿ ಹಾಕ್ತೀನಿ, ಹೋಗು. ಭಾನುವಾರ ಇನ್ನೇನು ಮಾಡ್ತೀಯಾ?"

"ನಿದ್ದೆ ಸರ್."

"ಮಾಡು. ಅದಕ್ಕೂ ಒಂದು ಪ್ಲಾನ್ ಹಾಕ್ಬೇಡ."

ಹೊರಗೆ ಬಂದು ಅವನು ಮೆಟ್ಟಿಲ ಮೇಲೆಯೇ ಕುಸಿದು ಕೂತ. ಬೆಳಗ್ಗೆ ಕಟ್ಟಿಸಿಕೊಂಡು ಬಂದಿದ್ದ ಬುತ್ತಿ ಚೀಲದಲ್ಲಿ ಹಾಗೇ ಇತ್ತು. ಬಿಚ್ಚಿ, ಒಂದಗಳೂ ಬಿಡದೆ ತಿಂದ.