ಗಟ್ಟಿಯಾಗದ ಎಣ್ಣೆ

ಈ ಬೆಳಿಗ್ಗೆ ಮಣಿಪಾಲದ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿತ್ತು. ಬಾಟಲಿಯ ಬಾಯೊಳಗೆ ಚಮಚದ ಹಿಡಿ ತೂರಿಸಿ ಕೆರೆಯುವಾಗ ಕಾರ್ಕಳದ ತವರಿನ ಆಚೆಮನೆಯವರು ನೆನಪಾದರು. ನೆನಪಾದ ಕೂಡಲೇ ಮೈ ಉರಿಯಿತು. ಆ ಒಬ್ಬ ಹೆಂಗಸನ್ನು ಬಹುವಚನದಲ್ಲಿ ಬರೆಯುತ್ತಿರುವುದು ಅಮ್ಮ ಕಲಿಸಿದ ಮರ್ಯಾದೆಗೆ, ಅವರ ಯೋಗ್ಯತೆಗಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಮ್ಮ ಅಂಗಳದಲ್ಲಿ ಕೊಬ್ಬರಿ ಒಣಗಿಸಿ, ಒಂದೊಂದು ಹೋಳನ್ನೂ ಮೂಸಿ ನೋಡಿ, ಮುಗ್ಗಲು ಹಿಡಿದದ್ದನ್ನು ಎಸೆದು, ಮಿಲ್ಲಿನಲ್ಲಿ ಎದುರೇ ನಿಂತು ಎಣ್ಣೆ ಮಾಡಿಸಿ ತರುತ್ತಿದ್ದಳು. ಎಳೆಮಗುವಿನ ಮೈಗೆ ಹಚ್ಚಲು ಅದೇ ಬೇಕೆಂದು ಹಿರಿಯಡ್ಕದಿಂದಲೂ ಜನ ಬರುತ್ತಿದ್ದರು. ಬಂದವರೆಲ್ಲ ಆಚೆಮನೆಯ ಗೇಟು ದಾಟಿಯೇ ನಮ್ಮಲ್ಲಿಗೆ ಬರಬೇಕು. ಅದು ಆಚೆಮನೆಯವರ ಹೊಟ್ಟೆ ಉರಿಸುತ್ತಿತ್ತು... ಆದರೂ ತಮ್ಮ ಮನೆಗೆ ಅವರು ಒಯ್ಯುತ್ತಿದ್ದದ್ದು ಅಮ್ಮನ ಎಣ್ಣೆಯನ್ನೇ.

ನಮ್ಮ ಕಡೆ ತೆಂಗಿನೆಣ್ಣೆಯನ್ನು ಪರೀಕ್ಷಿಸಲು ಚಳಿಯೇ ಸಾಕು. ಡಿಸೆಂಬರಿನ ಬೆಳಿಗ್ಗೆ ಗಟ್ಟಿಯಾದರೆ ಶುದ್ಧ, ಆಗದಿದ್ದರೆ ಕಲಬೆರಕೆ. ಅಂಥ ಒಂದು ಬೆಳಿಗ್ಗೆ ಓಣಿಯವರು ತಾವೇ ಮಾಡಿಸಿಕೊಂಡ ಎಣ್ಣೆಯೆಲ್ಲ ಬಾಟಲಿಗಳಲ್ಲಿ ಮೇಣದಂತೆ ಬೆಳ್ಳಗಾಗಿತ್ತು. ಆಚೆಮನೆಯವರ ಬಾಟಲಿಯಲ್ಲಿ ಮಾತ್ರ ಅಮ್ಮನಿಂದ ಒಯ್ದ ಎಣ್ಣೆ ತಿಳಿಯಾಗಿ ಅಲುಗುತ್ತಿತ್ತು. ಅದನ್ನು ಹಿಡಿದುಕೊಂಡು ಅವರು ಮನೆಮನೆಗೆ ಹೋದರು.

“ನೋಡಿ ಮಾರಾಯ್ರೆ, ಇಷ್ಟು ಚಳಿಗೂ ಗಟ್ಟಿ ಆಗ್ಲಿಲ್ಲ. ರೇಷನ್ನಿನ ಪಾಮೊಲಿನ್ ಎಣ್ಣೆ ಉಂಟು ಇದ್ರಲ್ಲಿ, ಅಲ್ವಾ?”

ಆ ಬಾಟಲಿ ಇರುತ್ತಿದ್ದದ್ದು ಅವರ ಬಚ್ಚಲಿನ ಗೋಡೆಗೂಡಿನಲ್ಲಿ, ಹಂಡೆಯ ಒಲೆಯ ಪಕ್ಕ. ಕೆಂಡದ ಬಿಸಿ ಆರದ ಜಾಗದಲ್ಲಿ ಯಾವ ಎಣ್ಣೆ ತಾನೇ ಗಟ್ಟಿಯಾಗುತ್ತದೆ? ಒಂದೊಂದು ಪದಾರ್ಥಕ್ಕೂ ಬಣ್ಣ, ವಾಸನೆ, ಕರಗುವ ಬಿಸಿ ಬೇರೆ ಬೇರೆ, ಅವುಗಳಿಂದಲೇ ಅದನ್ನು ಗುರುತಿಸಬೇಕು ಎಂದು ಆ ವರ್ಷವೇ ನಮಗೆ ಶಾಲೆಯಲ್ಲಿ ಪಾಠವಾಗಿತ್ತು. ಒಲೆಯ ಬಿಸಿಗೆ ಕರಗಿದ್ದು ಎಂದು ನಾನು ಅಂಗಳದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಹುಡುಗಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಟ್ಟಿಯಾದ ನಮ್ಮ ಬಾಟಲಿ ತೋರಿಸಿದರೆ, ಮನೆಗೆ ಚೊಕ್ಕದ್ದು, ಮಾರಲಿಕ್ಕೆ ಬೆರಕೆಯದ್ದು ಎಂದರು.

“ಬಿಡು ಮಗಾ, ಸತ್ಯ ಅವ್ರಿಗೇ ಗೊತ್ತಾಗ್ತದೆ,” ಎಂದು ಅಮ್ಮ ನನ್ನನ್ನು ಒಳಗೆ ಎಳೆದುಕೊಂಡಳು.

ಬರುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ಆ ಬೇಸಿಗೆಯಲ್ಲಿ ಅಮ್ಮ ಕೊಬ್ಬರಿ ಒಣಗಿಸಲಿಲ್ಲ. ಓಣಿಯಲ್ಲಿ ನಡೆಯುವಾಗ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ತಲೆ ತಗ್ಗಿಸುವುದನ್ನು ಕಲಿತಳು. ಮದುವೆಮನೆಯ ಪಂಕ್ತಿಯಲ್ಲಿ ಆಚೆಮನೆಯವರು ಪಕ್ಕಕ್ಕೆ ಬಂದು ಕೂತರೆ ನಾನು ಎಲೆ ಬಿಟ್ಟು ಏಳುತ್ತಿದ್ದೆ. ಅವರು ನಕ್ಕರೆ ಮುಖ ತಿರುಗಿಸುತ್ತಿದ್ದೆ. ಇಷ್ಟೇ ಸೇಡು... ನನಗೆ ಇದು ಏನೇನೂ ಸಾಲುತ್ತಿರಲಿಲ್ಲ.

ಕೆಲವು ವರ್ಷಗಳಲ್ಲಿ ಅಮ್ಮ ತೀರಿಕೊಂಡಳು. ಚಾವಡಿಯಲ್ಲಿ ಅವಳನ್ನು ಮಲಗಿಸಿದ್ದಾಗ ಆಚೆಮನೆಯವರು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು.

“ನಿನ್ನ ಅಮ್ಮನ ಎಣ್ಣೆ ಚೊಕ್ಕ ಇತ್ತು ಮಗಾ,” ಎಂದು ಪಿಸುಗುಟ್ಟಿದರು. “ಒಲೆಯ ಬಿಸಿಗೆ ಕರಗಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು.”

ಅವತ್ತೇ ಗೊತ್ತಿತ್ತಂತೆ! ನಾನು ಕೈ ಕೊಡವಿದೆ.

“ಹಾಗಾದ್ರೆ ಹೊರಗೆ ಬನ್ನಿ. ಅವತ್ತು ಯಾರ್‍ಯಾರಿಗೆ ಬಾಟ್ಲಿ ತೋರಿಸಿದ್ರೋ ಅವರೆಲ್ಲ ಜಗಲಿಯಲ್ಲೇ ಇದ್ದಾರೆ. ಈಗ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ.”

ಅವರು ಮೂಗು ಒರೆಸಿಕೊಂಡು ಹಿಂಬಾಗಿಲಿನಿಂದ ಹೊರಟುಹೋದರು. ಆಮೇಲೆ ಊರಿಗೆ ಹೋದಾಗಲೆಲ್ಲ ಅವರ ಮುಖ ನೋಡಿ ಅದೊಂದನ್ನೇ ಕೇಳುತ್ತಿದ್ದೆ, “ಯಾವಾಗ ಹೇಳ್ತೀರಿ?” ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹೋದ ವಾರ ಅವರೂ ತೀರಿಕೊಂಡರೆಂದು ಫೋನು ಬಂತು. ನಾನು ಹೋಗಲಿಲ್ಲ. ಸುಳ್ಳೇಕೆ ಹೇಳಲಿ, ಆ ದಿನ ಸ್ವಲ್ಪ ಖುಷಿಯೂ ಆಯಿತು. ಆದರೆ ಆಮೇಲೆ ಯಾಕೋ ಊಟ ಸೇರುತ್ತಿಲ್ಲ... ನನ್ನ ಅಮ್ಮ ಮೋಸ ಮಾಡಿದವಳಲ್ಲ ಎಂದು ನಾನು ಎಷ್ಟು ಹೇಳಿದರೂ, ಮಗಳಲ್ಲವೇ, ಹೇಳುತ್ತಾಳೆ ಎನ್ನುತ್ತಾರೆ. ಊರು ನಂಬುತ್ತಿದ್ದದ್ದು ಅವರೊಬ್ಬರು ಹೇಳಿದ್ದರೆ ಮಾತ್ರ. ಅವರು ಹೇಳದೆಯೇ ಹೋದರು.