ಭೀಮರಾಯ ಮಾಮಾ ಕುಟ್ಟಿ ಆರಿಸಿದ ಕ್ಯಾಮೆರಾ

ನನಗೆ ಡಿಗ್ರಿ ಆಗುವ ಮಾತೇ ಇಲ್ಲ ಎಂದು ಮೊದಲು ಹೇಳಿದವರು ನಮ್ಮ ಅವ್ವನ ಅಣ್ಣ, ಭೀಮರಾಯ ಮಾಮಾ. ಸುಮ್ಮನೆ ಹೇಳಲಿಲ್ಲ, ಪರೀಕ್ಷೆ ಮಾಡಿ ಹೇಳಿದರು. ನಾನು ಹತ್ತನೆಯ ತರಗತಿ ಪಾಸಾದ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಬಲಗೈಯ ನಡುಬೆರಳು ಮಡಚಿ, ಅದರ ಗೆಣ್ಣಿನಿಂದ ನನ್ನ ತಲೆಯನ್ನು ಎರಡು ಸಲ ಕುಟ್ಟಿದರು. ಕಿವಿ ಹತ್ತಿರ ತಂದು ಆಲಿಸಿದರು. ಆಮೇಲೆ ಅವ್ವನ ಕಡೆ ತಿರುಗಿ, "ಹತ್ತು ಆತು, ಸಾಕು. ಮುಂದ ಡಿಗ್ರಿ ಗಿಗ್ರಿ ಆಗಂಗಿಲ್ಲ ತಂಗೀ. ಒಳಗ ಪೊಳ್ಳೈತಿ," ಎಂದರು.

ಮಾಮಾ ಗೌಂಡಿ. ಪ್ಲಾಸ್ಟರ್ ಒಣಗಿದ ಮೇಲೆ ಗೋಡೆ ಕುಟ್ಟಿ ನೋಡುವುದು ಆ ಕಸುಬಿನ ಕ್ರಮ. ಸರಿಯಾಗಿ ಹಿಡಿದಿದ್ದರೆ ಒಂದು ಸಪ್ಪಳ, ಒಳಗೆ ಗಾಳಿ ಉಳಿದಿದ್ದರೆ ಇನ್ನೊಂದು. ಆದರೆ ಮಾಮಾ ಗೋಡೆಗೆ ನಿಲ್ಲಿಸಲಿಲ್ಲ. ಕೊಡ, ಕಲ್ಲಂಗಡಿ, ಹೊಸ ಚಪ್ಪಲಿಯ ಅಟ್ಟೆ, ಬಸ್ಸಿನ ಸೀಟಿನ ಹಲಗೆ, ಒಮ್ಮೆ ನನ್ನನ್ನು ನೋಡಲು ಬಂದ ವರನ ಬೆನ್ನು, ಎಲ್ಲವನ್ನೂ ಕುಟ್ಟಿ ನೋಡಿದವರು ಅವರು. (ವರ ಪೊಳ್ಳು ಎಂದೇ ತೀರ್ಮಾನವಾಯಿತು. ಆ ಒಂದು ವಿಷಯದಲ್ಲಿ ನಾನು ಮಾಮಾಗೆ ಜೀವನಪೂರ್ತಿ ಋಣಿ.) ಅಂಗಿಯ ಜೇಬಿನಲ್ಲಿ ಸದಾ ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆ ಗುಂಡು ಇರುತ್ತಿತ್ತು, ಗೋಡೆ ನೆಟ್ಟಗಿದೆಯೋ ಇಲ್ಲವೋ ತೂಗಿ ನೋಡಲು. ಮದುವೆ ಮನೆಗೆ ಹೋದರೂ ಚಪ್ಪರದ ಕಂಬಕ್ಕೆ ಅದನ್ನು ಇಳಿಬಿಟ್ಟು ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ.

ನಾನು ಮೂರನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಯಾದಗಿರಿ ಕಡೆಯ ನಮ್ಮೂರಿನಿಂದ ಅವ್ವ ಮತ್ತು ನಾನು ಮಾಮಾನ ಹಿಂದೆ ಹೈದರಾಬಾದಿಗೆ ಬಂದೆವು. ಕೊಂಡಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಅವ್ವ ಸಿಮೆಂಟು ಹೊತ್ತಳು, ಮಾಮಾ ಗೋಡೆ ಕಟ್ಟಿದರು, ನಾನು ತೆಲುಗು ಶಾಲೆಗೆ ಹೋದೆ. ಕಾಲೇಜಿನ ಮೆಟ್ಟಿಲು ಹತ್ತುವ ಅನುಕೂಲ ಇರಲಿಲ್ಲ. ಅಂಥದೇ ಒಂದು ಗಾಜಿನ ಕಟ್ಟಡದಲ್ಲಿ ಕಂಪ್ಯೂಟರಿಗೆ ಹೆಸರು-ವಿಳಾಸ ತುಂಬುವ ಕೆಲಸ ಹಿಡಿದು, ಹೊರಗಿನಿಂದಲೇ ಪರೀಕ್ಷೆ ಕಟ್ಟಿ ಮೊದಲು ಹನ್ನೆರಡನೆಯ ತರಗತಿ, ಆಮೇಲೆ ಬಿ.ಕಾಂ. ಓದಿದೆ. ಮೂರು ವರ್ಷದ ಡಿಗ್ರಿಗೆ ಐದು ವರ್ಷ ಹಿಡಿಯಿತು. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದೆ. ಬಿದ್ದಾಗೆಲ್ಲ ಮಾಮಾ, "ನಾ ಹೇಳಿದ್ದಿಲ್ಲೇನು? ಕಂಬ ನಿಂತು ಮ್ಯಾಲ ಸ್ಲ್ಯಾಬ್ ಹಾಕದ ಉಳದ ಮನಿ ಎಷ್ಟು ನೋಡೀನಿ ನಾ," ಎನ್ನುತ್ತಿದ್ದರು. ಅಷ್ಟು ಹೇಳಿಯೂ, ನನ್ನ ಪರೀಕ್ಷೆಯ ದಿನಗಳಲ್ಲಿ ಕೆಲಸದ ಜಾಗದಲ್ಲೇ ನಾವು ವಾಸವಿದ್ದ ತಗಡಿನ ಶೆಡ್ಡಿನ ಪಕ್ಕದ ಕಾಂಕ್ರೀಟ್ ಮಿಕ್ಸರನ್ನು ನಾನು ಪುಸ್ತಕ ಮುಚ್ಚುವವರೆಗೆ ಚಾಲೂ ಮಾಡಲು ಬಿಡುತ್ತಿರಲಿಲ್ಲ. ಕೇಳಿದರೆ, "ಆಗಂಗಿಲ್ಲ ಅನ್ನೂದು ನನ್ನ ಮಾತು. ಓದೂದು ನಿನ್ನ ಕೆಲಸ. ನಿನ್ನ ಕೆಲಸ ನೀ ಮಾಡು," ಎಂಬ ಉತ್ತರ.

ಒಮ್ಮೆ ಬುತ್ತಿ ಮರೆತು ಹೋಗಿದ್ದೆ. ಅದನ್ನು ಕೊಡಲು ಮಾಮಾ ನನ್ನ ಆಫೀಸಿಗೇ ಬಂದರು. ನಾನು ಕೆಳಗಿಳಿದು ಬರುವಷ್ಟರಲ್ಲಿ ಒಳಗಿನ ತೆಳ್ಳನೆಯ ಹಲಗೆ ಗೋಡೆಯನ್ನು ಮೂರು ಕಡೆ ಕುಟ್ಟಿ ಮುಗಿಸಿದ್ದರು. ಕಾವಲಿನವನು ಗಾಬರಿಯಾಗಿ ನಿಂತಿದ್ದ. ಮಾಮಾ ನನ್ನ ಕೈಗೆ ಬುತ್ತಿ ಕೊಟ್ಟು ದನಿ ತಗ್ಗಿಸಿ ಹೇಳಿದರು: "ರೇಣವ್ವಾ, ನಿಮ್ಮ ಕಂಪನಿ ಪೂರಾ ಪೊಳ್ಳೈತಿ. ಬ್ಯಾರೆ ನೌಕರಿ ನೋಡ್ಕೋ."

ಅಂತೂ ಡಿಗ್ರಿ ಆಯಿತು. ಪದವಿ ಪ್ರದಾನಕ್ಕೆ ಬಂದ ಪತ್ರದಲ್ಲಿ ಜೊತೆಗೆ ಬರುವವರಿಗೆ ಒಂದೇ ಪಾಸು ಎಂದಿತ್ತು. ನಾನು ಅವ್ವನೇ ಬರಬೇಕೆಂದೆ. ಅವ್ವ ಒಪ್ಪಲಿಲ್ಲ. "ಆಗಂಗಿಲ್ಲ ಅಂದಾವ ನಿಮ್ಮ ಮಾಮಾ. ಅವನ ಕಣ್ಣಾರೆ ನೋಡ್ಲಿ. ನನಗ ಒಂದು ಫೋಟೋ ತಂದು ಕೊಡು, ಕೈಯಾಗ ಸರ್ಟಿಫಿಕೇಟ್ ಹಿಡಕೊಂಡಿದ್ದು. ಊರಾಗ ಬಾಯಿಲೆ ಹೇಳಿದ್ರ ಯಾರೂ ನಂಬಂಗಿಲ್ಲ," ಎಂದಳು. ವೇದಿಕೆಯ ಫೋಟೋದವರು ಚಿನ್ನದ ಪದಕದವರನ್ನಷ್ಟೇ ಹಿಡಿಯುತ್ತಾರೆಂದು ಗೆಳತಿಯರು ಹೇಳಿದ್ದರು. ಹಾಗಾಗಿ ಆ ವರ್ಷದ ಬೋನಸ್ಸಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ಕೊಳ್ಳುವುದೆಂದು ಗಟ್ಟಿ ಮನಸ್ಸು ಮಾಡಿದೆ. ಮಾಮಾನನ್ನು ಕರೆದುಕೊಂಡು ಕ್ಯಾಮೆರಾ ಅಂಗಡಿಗಳಿರುವ ಅಬಿಡ್ಸ್‌ಗೆ ಹೋದೆ.

ಅಂಗಡಿಯವನು ನಮ್ಮ ಯೋಗ್ಯತೆ ಅಳೆದು ಎರಡೇ ಎರಡು ಕ್ಯಾಮೆರಾ ಮುಂದಿಟ್ಟ. ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಒಂದು ತೆಳ್ಳಗೆ, ಬೆಳ್ಳಿ ಬಣ್ಣದ್ದು, ಹಿಂದೆ ದೊಡ್ಡ ಪರದೆ, ಅದರದೇ ಬ್ಯಾಟರಿ, ಅದಕ್ಕೊಂದು ಚಾರ್ಜರ್. ನಮ್ಮ ಆಫೀಸಿನ ಹುಡುಗಿಯರ ಕೈಯಲ್ಲಿ ಇದ್ದದ್ದು ಅಂಥದೇ. ಇನ್ನೊಂದು ಕಪ್ಪಗೆ, ದಪ್ಪಗೆ, ಸಣ್ಣ ಪರದೆಯದು. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲು ಎರಡು ಹಾಕಿದರೆ ನಡೆಯುತ್ತಿತ್ತು. ನನ್ನ ಕೈ ಆಗಲೇ ಬೆಳ್ಳಿಯದರ ಮೇಲಿತ್ತು.

ಮಾಮಾ ಅದನ್ನು ನನ್ನ ಕೈಯಿಂದ ಇಸಿದುಕೊಂಡು, ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಿ ಕಿವಿಗೆ ಹಿಡಿದರು.

"ಅರೇ ಚಾಚಾ, ಕ್ಯಾ ಕರ್ರೇ? ತರ್ಬೂಜಾ ಹೈ ಕ್ಯಾ?" ಎಂದು ಅಂಗಡಿಯವನು ಕೈ ಚಾಚಿದ. ಇದೇನು ಕಲ್ಲಂಗಡಿಯೇ ಎಂದು ಅವನ ಸಂಕಟ.

"ಆವಾಜ್ ದೇಖ್ರಾ, ಠಹರೋ," ಎಂದರು ಮಾಮಾ, ಸಿಟ್ಟಾಗದೆ; ಸಪ್ಪಳ ನೋಡುತ್ತಿದ್ದೇನೆ, ತಡಿ ಎಂದು. ಆಮೇಲೆ ಕಪ್ಪನೆಯದನ್ನು ಕುಟ್ಟಿದರು. ಮುಖ ಅರಳಿತು. "ಇದು ನೋಡವ್ವಾ, ಪಕ್ಕಾ ಇಟ್ಟಂಗಿ. ಅದು ಬಿಸ್ಕೀಟ್ ಡಬ್ಬಿ."

"ಮಾಮಾ, ಫೋಟೋ ಚಂದ ಬರೂದು ಮುಖ್ಯ, ಸಪ್ಪಳಲ್ಲ. ಇದರ ಪರದೆ ನೋಡ್ರಿ, ಎಷ್ಟು ದೊಡ್ಡದೈತಿ!"

"ಕಿಟಕಿ ದೊಡ್ಡದಿದ್ರ ಮನಿ ಗಟ್ಟಿ ಅಂತೇನು? ಅದರ ಬ್ಯಾಟರಿ ಮುಗದ್ರ ಏನ್ ಮಾಡ್ತಿ?"

"ಚಾರ್ಜಿಗೆ ಹಚ್ತೀನಿ."

"ನಮ್ಮ ಶೆಡ್ಡಿನಾಗ? ಆ ಒಂದು ಬಲ್ಬಿನ ಹೋಲ್ಡರಿಗೆ?" ಎಂದು ಮಾಮಾ ಜೋರಾಗಿ ನಕ್ಕರು. "ಇದರ ಸೆಲ್ ಪಾನ್ ಡಬ್ಬಾದಾಗೂ ಸಿಗ್ತಾವ. ದುಡ್ಡು ನಿಂದು, ಆರ್ಸೂದೂ ನಿಂದು. ನಾ ಕುಟ್ಟಿ ಹೇಳೀನಿ ಅಷ್ಟ."

ಆರಿಸುವುದು ನನ್ನದೇ ಎಂದು ಹೇಳಿದವರು ಕಪ್ಪು ಕ್ಯಾಮೆರಾ ಕೆಳಗಿಡಲೇ ಇಲ್ಲ. ಅರ್ಧ ಗಂಟೆ ಜಗ್ಗಾಡಿ ಸೋತೆ. ಬಸ್ಸಿನಲ್ಲಿ ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರೆ, ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಮಾಮಾ ಮೆತ್ತಗೆ ಕೇಳಿದರು: "ಇದರ ರೀಲ್ ಎಲ್ಲಿ ಹಾಕ್ತಾರವ್ವಾ?"

ಓದಿದವಳ ಗತ್ತು ನನಗೆ ಎಲ್ಲಿತ್ತೋ, ಆಗ ಹೊರಗೆ ಬಂತು. "ಅಯ್ಯ ಮಾಮಾ, ಇದು ಡಿಜಿಟಲ್. ಇದಕ್ಕ ರೀಲೇ ಇಲ್ಲ. ಎಷ್ಟು ಬೇಕಾದ್ರೂ ಹೊಡೀರಿ, ಮುಗಿಯಂಗಿಲ್ಲ!"

ಆ ಮಾತು ನಾನು ಆಡಬಾರದಿತ್ತು.

ಪದವಿ ಪ್ರದಾನದ ದಿನ ಅವ್ವ ಹೊಸ ಸೀರೆ ಉಟ್ಟು ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಳು. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಒಳಗೆ ಹೋದರು. ನಾನು ಕಪ್ಪು ಗೌನು ತೊಟ್ಟು ಸಾಲಿನಲ್ಲಿ ಕೂತೆ. ಅದು ಹಳೆಯ ಕಾಲದ ಸಭಾಂಗಣ. ಎತ್ತರದ ಕಮಾನುಗಳು, ಸುಣ್ಣದ ಗಾರೆಯ ಗೋಡೆಗಳು.

ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿದೆ. ಹಿರಿಯರೊಬ್ಬರು ಸರ್ಟಿಫಿಕೇಟು ನನ್ನ ಕೈಗಿಟ್ಟರು. ನಾನು ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಮಾಮಾನ ಕಡೆ ತಿರುಗಿ, ಹಲ್ಲು ಬಿಟ್ಟು ನಿಂತೆ. ಕ್ಯಾಮೆರಾದ ಮಿಂಚು ಹೊಳೆಯಲಿಲ್ಲ. ಮಾಮಾ ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದರು. ಗುಂಡಿ ಒತ್ತಿದರು. ಮತ್ತೆ ಒತ್ತಿದರು. ಕ್ಯಾಮೆರಾ ಅಲ್ಲಾಡಿಸಿದರು. ಕುಟ್ಟಿದರು. ಇಡೀ ಸಭಾಂಗಣಕ್ಕೆ ಕೇಳುವಂತೆ, "ಒತ್ತಾಕತ್ತೀನಿ! ನಿಂದ್ರು, ಇಳೀಬ್ಯಾಡ, ಒತ್ತಾಕತ್ತೀನಿ!" ಎಂದು ಕೂಗಿದರು. ಜನ ನಗತೊಡಗಿದರು. ನನ್ನ ಹಿಂದಿನ ಹುಡುಗ ಬೆನ್ನಿಗೆ ತಾಗಿ ನಿಂತಿದ್ದ. ಹಲ್ಲು ಬಿಟ್ಟಂತೆಯೇ ಇಳಿದು ಬಂದೆ.

"ಏನಾತು ಮಾಮಾ?"

"ಏನೋ ಬರದೈತಿ ಇದರಾಗ. ನೀನೇ ಓದು, ಡಿಗ್ರಿ ಆಗೈತಲ್ಲ."

ಓದಿದೆ. ಫೋಟೋ ಉಳಿಸುವ ಕಾರ್ಡು ತುಂಬಿದೆ ಎಂದಿತ್ತು. ಗುಂಡಿ ಒತ್ತಿ ಹಿಂದಕ್ಕೆ ಹೋದೆ. ಒಂದು ಕಂಬ. ಅದೇ ಕಂಬ ಬುಡದಿಂದ. ಒಂದು ಕಮಾನು. ಗೋಡೆ. ಗೋಡೆಯ ಮೂಲೆ. ಮೆಟ್ಟಿಲು. ಬಿರುಕು. ಬಿರುಕು ಹತ್ತಿರದಿಂದ. ಒಂದರಲ್ಲೂ ಮನುಷ್ಯರಿಲ್ಲ.

"ಸುಣ್ಣದ ಗಾರಿ ಅವ್ವಾ," ಎಂದರು ಮಾಮಾ, ಕಣ್ಣು ಕೆಳಗೆ ಹಾಕಿ. "ಎಲ್ಲಾ ಕಡೆ ಕುಟ್ಟಿ ನೋಡಿದೆ. ಇಷ್ಟು ವರ್ಷ ಆದ್ರೂ ಎಲ್ಲೂ ಪೊಳ್ಳಿಲ್ಲ. ನೀ ಮುಗಿಯಂಗಿಲ್ಲ ಅಂದಿದ್ದಿ..."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಐದು ವರ್ಷ ಓದಿದ್ದಕ್ಕೆ ಅವ್ವ ಕೇಳಿದ್ದು ಒಂದು ಫೋಟೋ. ಇಬ್ಬರೂ ಗೇಟಿನ ಹೊರಗೆ ಬಂದೆವು. ಅವ್ವ ಎದ್ದು ನಿಂತು ಕ್ಯಾಮೆರಾಕ್ಕೆ ಕೈ ಚಾಚಿದಳು. ನಾನು ಒಂದೊಂದಾಗಿ ತೋರಿಸಿದೆ. ಆಕೆ ತಾಳ್ಮೆಯಿಂದ ಎಲ್ಲವನ್ನೂ ನೋಡಿ, "ಅಣ್ಣಾ, ಇದರಾಗ ನನ್ನ ಮಗಳು ಯಾವ ಕಂಬ?" ಎಂದು ಕೇಳಿದಳು.

ಒಂದನ್ನು ಅಳಿಸಿದರೆ ಇನ್ನೊಂದು ಹಿಡಿಯಬಹುದು ಎಂದು ನಾನು ಹೇಳಿದಾಗ ಮಾತ್ರ ಮಾಮಾಗೆ ಜೀವ ಬಂತು. ಯಾವುದನ್ನು ಅಳಿಸುವುದು ಎಂಬಲ್ಲಿ ಮತ್ತೆ ತಕರಾರು. "ಆ ಕಮಾನು ಬ್ಯಾಡವ್ವಾ. ಕಂಬಾನೂ ಇರ್ಲಿ. ಬಿರುಕು ತಗಿ, ಅದು ನೋಡಾಕ ಚಂದಿಲ್ಲ." ಬಿರುಕು ಅಳಿಸುತ್ತಿದ್ದಂತೆ ಕ್ಯಾಮೆರಾವೇ ಕಣ್ಣು ಮುಚ್ಚಿತು. ಸೆಲ್ಲು ಮುಗಿದಿತ್ತು.

ಮಾಮಾ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಐವತ್ತು ದಾಟಿದ ಆ ಮನುಷ್ಯ, ಇಸ್ತ್ರಿ ಅಂಗಿಯಲ್ಲಿ, ರಸ್ತೆಯಾಚೆಯ ಪಾನ್ ಡಬ್ಬಾಕ್ಕೆ ಓಡಿದರು. ಎರಡು ಸೆಲ್ಲು ಮುಷ್ಟಿಯಲ್ಲಿ ಹಿಡಿದು ವಾಪಸು ಬರುವಾಗ ಅವರ ಮುಖದಲ್ಲಿ ತಪ್ಪಿತಸ್ಥನ ಗುರುತೇ ಇರಲಿಲ್ಲ. "ಆ ಬಿಸ್ಕೀಟ್ ಡಬ್ಬಿ ತಂದಿದ್ರ ಈಗ ಏನ್ ಮಾಡ್ತಿದ್ದಿ? ಹೇಳು, ಹೇಳು!"

ಅದು ತಂದಿದ್ದರೂ ಅವರು ಗೋಡೆಗಳನ್ನೇ ಹೊಡೆಯುತ್ತಿದ್ದರು ಎಂದು ಹೇಳಬೇಕೆನಿಸಿತು. ಸೆಲ್ಲು ಇಸಿದುಕೊಂಡು ಕ್ಯಾಮೆರಾಕ್ಕೆ ಹಾಕಿದೆ.

ಮಾಮಾ ಸರ್ಟಿಫಿಕೇಟನ್ನು ನನ್ನಿಂದ ತೆಗೆದು ಅವ್ವನ ಕೈಗೆ ಕೊಟ್ಟರು. "ಅಲ್ಲಿ ಯಾರೋ ಕೊಟ್ರು. ಇಲ್ಲಿ ನೀ ಕೊಡು."

"ನಾ ಕೊಡಾಕ ನಾ ಯಾರು ಅಣ್ಣಾ?" ಎಂದು ಅವ್ವ ಹಿಂದೆ ಸರಿದಳು.

"ಬುಟ್ಟಿ ಹೊತ್ತಾಕಿ ನೀನು. ಉದ್ಘಾಟನಾನೂ ನೀನೇ ಮಾಡು."

ಅವ್ವ ಸೆರಗಿಗೆ ಎರಡೂ ಅಂಗೈ ಒರೆಸಿಕೊಂಡು ಸರ್ಟಿಫಿಕೇಟು ಹಿಡಿದಳು. ಮಾಮಾ ಜೇಬಿನಿಂದ ಹಿತ್ತಾಳೆ ಗುಂಡು ತೆಗೆದು ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ನನ್ನನ್ನು ಅಳೆದರು. "ಎಡಕ್ಕ ಬಾಗೀದಿ. ಇನ್ನೂ ಸ್ವಲ್ಪ. ಹಾಂ, ಈಗ ನೆಟ್ಟಗ ಆದಿ." ಅವ್ವ ಸರ್ಟಿಫಿಕೇಟು ನನ್ನ ಕೈಗೆ ಕೊಟ್ಟಳು. ಕ್ಯಾಮೆರಾ ಮಿಂಚಿತು.

ಆ ಫೋಟೋ ಈಗ ಹೈದರಾಬಾದಿನದೇ ನಾಚಾರಂನ ನಮ್ಮ ಮನೆಯ ಗೋಡೆಯ ಮೇಲಿದೆ. ಊರಿಗೂ ಒಂದು ಪ್ರತಿ ಹೋಯಿತು, ನಂಬಬೇಕಾದವರು ನಂಬಿದರು. ಮಾಮಾ ತೀರಿಹೋಗಿ ವರ್ಷಗಳಾದವು. ಅವರ ಫೋಟೋ ಹುಡುಕಿದರೆ ಒಂದೂ ಇಲ್ಲ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇರುತ್ತಿತ್ತಲ್ಲ. ಆ ಕಂಬಗಳನ್ನೂ ಕಮಾನುಗಳನ್ನೂ ನಾನು ಅಳಿಸಿಲ್ಲ. ಒಂದರ ಮೂಲೆಯಲ್ಲಿ ಮಸೂರದ ಮೇಲೆ ಅಡ್ಡ ಬಂದ ಬೆರಳೊಂದು ಕಾಣುತ್ತದೆ, ಮಸುಕಾಗಿ, ಗೆಣ್ಣಿನ ಹತ್ತಿರ ದಪ್ಪವಾಗಿ. ಅದು ಆ ಬೆರಳೇ. ಬೆಳ್ಳಿ ಬಣ್ಣದ ತೆಳ್ಳನೆಯ ಕ್ಯಾಮೆರಾ ನನಗೆ ಈಗಲೂ ಇಷ್ಟ. ಆದರೂ ಯಾವ ಅಂಗಡಿಗೆ ಹೋದರೂ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಮ್ಮೆ ಕುಟ್ಟಿ ನೋಡುತ್ತೇನೆ.

ಫೋಟೋದಲ್ಲಿ ಬಾರದೆ ಉಳಿದದ್ದು ಒಂದಿದೆ. ಮಿಂಚು ಹೊಳೆದ ಮೇಲೆ ಮಾಮಾ ಕ್ಯಾಮೆರಾ ಕೊರಳಿಗೆ ಬಿಟ್ಟು ನನ್ನ ಹತ್ತಿರ ಬಂದು ಕೈ ಚಾಚಿದರು. ನಾನು ಸರ್ಟಿಫಿಕೇಟು ಕೊಟ್ಟೆ. ದಪ್ಪ ರಟ್ಟಿನ ಹೊದಿಕೆಯಲ್ಲಿದ್ದ ಅದನ್ನು ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯ ನಡುಬೆರಳು ಮಡಚಿ ಎರಡು ಸಲ ಕುಟ್ಟಿದರು. ಕಿವಿ ಹತ್ತಿರ ತಂದರು.

"ಅಯ್ಯ ಅಣ್ಣಾ, ಅದು ಕಾಗದ," ಎಂದಳು ಅವ್ವ.

ಮಾಮಾ ಮಾತಾಡಬೇಡ ಎಂಬಂತೆ ಕೈ ಎತ್ತಿದರು. ಬಹಳ ಹೊತ್ತು ಆಲಿಸಿದರು. ಆಮೇಲೆ ಸರ್ಟಿಫಿಕೇಟನ್ನು ಎರಡೂ ಕೈಯಿಂದ ನನಗೆ ವಾಪಸು ಕೊಟ್ಟು, ನನ್ನ ತಲೆಯ ಮೇಲೆ ಅಂಗೈ ಇಟ್ಟರು. ಈ ಸಲ ಕುಟ್ಟಲಿಲ್ಲ.

"ಅವತ್ತು ನಾ ಸರಿ ಕುಟ್ಟಿದ್ದಿಲ್ಲ ಬಿಡವ್ವಾ," ಎಂದರು.