ಗಾರ್ಡ್ ಇದೆ

ವಡೋದರದ ಮಕರಪುರದಲ್ಲಿ ತಗಡು ಒತ್ತುವ ಒಂದು ಕಾರ್ಖಾನೆ. ಬಾಗಲಕೋಟೆಯ ಗಿರಿಧರ ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರೆಸ್ ವಿಭಾಗದ ಮೇಸ್ತ್ರಿ. ಬೆಳಿಗ್ಗೆ ಅವನ ಮೊದಲ ಕೆಲಸ ಒಂದು ಪುಸ್ತಕಕ್ಕೆ ಸಹಿ ಹಾಕುವುದು: 'ಎಲ್ಲ ಯಂತ್ರಗಳಿಗೂ ಗಾರ್ಡ್ ಇದೆ.' ಗಾರ್ಡ್ ಎಂದರೆ ಕೈ ಒಳಗೆ ಸಿಕ್ಕದಂತೆ ಯಂತ್ರದ ಬಾಯಿಗೆ ಅಡ್ಡ ಕೂರಿಸುವ ಕಬ್ಬಿಣದ ಜಾಲರಿ. ಇದ್ದವು, ಇಲ್ಲವೆನ್ನುವಂತಿಲ್ಲ. ಬೀರುವಿನಲ್ಲಿದ್ದವು. ಹಾಕಿದರೆ ಕೆಲಸ ನಿಧಾನವಾಗುತ್ತದಂತೆ!

ಹಿಂದೆ ಇನ್‌ಸ್ಪೆಕ್ಟರ್ ಸರ್ಕಾರದ ಕಡೆಯಿಂದ ತಪಾಸಣೆಗೆ ಹೇಳದೆ ಕೇಳದೆ ಬಂದುಬಿಡುತ್ತಿದ್ದರು. ಆ ಹೆದರಿಕೆಗಾದರೂ ಜಾಲರಿ ಆಗಾಗ ಹೊರಗೆ ಬರುತ್ತಿತ್ತು. ಈಗ ನೆಂಟರ ಹಾಗೆ ಮೊದಲೇ ತಿಳಿಸಿ ಬರುತ್ತಾರೆ. ಉಳಿದ ದಿನಗಳಿಗೆ ಗಿರಿಧರನ ಸಹಿಯೇ ಸಾಕು.

ಮಹೇಶನನ್ನು ಊರಿನಿಂದ ಕರೆತಂದು ಕೆಲಸಕ್ಕೆ ಸೇರಿಸಿದವನೂ ಗಿರಿಧರನೇ. ಮೂವತ್ತೈದರ ಆಳು, ಎರಡು ಮಕ್ಕಳ ತಂದೆ. ಜುಲೈನಲ್ಲಿ ಮೂರನೇ ನಂಬರಿನ ಪ್ರೆಸ್ಸು ಅವನ ಬಲಗೈಯ ನಾಲ್ಕು ಬೆರಳು ಕತ್ತರಿಸಿ ಹಾಕಿತು. ಪರಿಹಾರ ಕೇಳಿದಾಗ ಮ್ಯಾನೇಜರ್ ಉಮಾಕಾಂತಭಾಯಿ ಪುಸ್ತಕ ತೆರೆದು ತೋರಿಸಿದರು. "ಗಾರ್ಡ್ ಇತ್ತು. ಇವನೇ ತೆಗೆದು ಕೈ ಹಾಕಿದ್ದಾನೆ." ಕೆಳಗೆ ಗಿರಿಧರನ ಸಹಿ, ದುಂಡಗೆ.

ರಾತ್ರಿ ಗಿರಿಧರ ಮನೆಯಲ್ಲಿ ಇದನ್ನೆಲ್ಲ ಹೇಳಿದ. "ನಿಮ್ಮ ಕೈಯಾರೆ ಬರದೀರಿ, ನಿಮ್ಮ ಬಾಯಾರೆ ಹೋಗಿ ಸುಳ್ಳಂತ ಹೇಳಿ ಬರ್ರಿ" ಎಂದಳು ಹೆಂಡತಿ ಸುಭದ್ರಾ.

ಗಿರಿಧರ ತಪಾಸಣೆಯ ಸರ್ಕಾರಿ ಕಚೇರಿಗೆ ಹೋದ. ಸಾಹೇಬರ ಕುರ್ಚಿ ಖಾಲಿ. ಮತ್ತೆ ಹೋದ, ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕಂತೆ. ಮೂರನೇ ಸಲ ಗುಮಾಸ್ತ ಸಿಕ್ಕಿದ.

"ಸಹಿ ಯಾರದು?"

"ನನ್ನದೇ, ಸಾಹೇಬ್."

"ಆಗ ಬರೆದದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?"

"ಒಮ್ಮೆ ಬಂದು ಯಂತ್ರ ನೋಡಿ."

"ನೋಡೋಣ. ಕಂಪನಿಗೆ ಪತ್ರ ಬರೆದು ತಾರೀಖು ತಿಳಿಸುತ್ತೇವೆ."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು ಗಿರಿಧರನಿಗೆ. ಅವರು ತಿಳಿಸಿದ ತಾರೀಖಿನಂದು ಎಲ್ಲ ಪ್ರೆಸ್ಸುಗಳಿಗೂ ಜಾಲರಿ ಬಂದಿತ್ತು, ಹಸಿ ಹಳದಿ ಬಣ್ಣದ ವಾಸನೆ ಸಮೇತ. ಇನ್‌ಸ್ಪೆಕ್ಟರ್ ಚಹಾ ಕುಡಿದು ಹೋದರು. ಸಂಜೆಗೆ ಜಾಲರಿಗಳು ಬೀರು ಸೇರಿದವು.

ಮರುದಿನ ಬೆಳಿಗ್ಗೆ ಗಿರಿಧರ ಪುಸ್ತಕದಲ್ಲಿ 'ಗಾರ್ಡ್ ಇಲ್ಲ' ಎಂದು ಬರೆದ. ಉಮಾಕಾಂತಭಾಯಿ ಬೈಯಲಿಲ್ಲ, ಆ ಹಾಳೆ ಹರಿದು ಕಿಸೆಗೆ ಹಾಕಿಕೊಂಡರು. "ಬರೆಯುವ ಕೆಲಸ ಸಾಕು ನಿಮಗೆ. ನಾಳೆಯಿಂದ ಮೂರನೇ ಪ್ರೆಸ್ಸು ನಡೆಸಿ."

ಮರುದಿನ ಗಿರಿಧರ ಬಂದಾಗ ಮೇಸ್ತ್ರಿಯ ಕುರ್ಚಿಯಲ್ಲಿ ಮಹೇಶ ಕೂತಿದ್ದ. ಎದುರಿಗೆ ಅದೇ ಪುಸ್ತಕ. ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಕೂಡಿಸುತ್ತಿದ್ದ.

"ಬರೀಬ್ಯಾಡೋ ಮಹೇಶಾ. ಬೆರಳು ಹೋದದ್ದು ನಿಂದೇ ಅಲ್ಲೇನೋ?"

ಮಹೇಶ ತಲೆ ಎತ್ತಲಿಲ್ಲ. "ಈ ಕೈಗೆ ಬ್ಯಾರೆ ಕೆಲಸ ಯಾರ ಕೊಡ್ತಾರ, ಕಾಕಾ? ನೀವೂ ಇಷ್ಟ ವರ್ಷ ಬರದ್ರಿ ಅಲ್ಲ."

ಗಂಟೆ ಹೊಡೆಯಿತು. ಮಹೇಶ ಸೊಟ್ಟ ಸಹಿ ಹಾಕಿ ಪುಸ್ತಕ ಮುಚ್ಚಿದ. ಗಿರಿಧರ ಮೂರನೇ ಪ್ರೆಸ್ಸಿನ ಮುಂದೆ ನಿಂತು, ಜಾಲರಿಯಿಲ್ಲದ ಬಾಯೊಳಗೆ ಬಲಗೈ ಹಾಕಿ ಮೊದಲ ತಗಡು ಕೂರಿಸಿದ.